ಸಣ್ಣ ಬಾಯಿಯ ಬಾಟಲಿ

ಬಾಟಲಿ ಒಡೆಯದೆ ಬೇರೆ ದಾರಿಯಿರಲಿಲ್ಲ. ಕೆಮ್ಮಿನ ಔಷಧಿ ಮುಗಿದ ಮೇಲೆ ತೊಳೆದಿಟ್ಟ ಸಣ್ಣ ಬಾಯಿಯ ಬಾಟಲಿ ಅದು. ಒಳಗಿದ್ದದ್ದು ಯಾರದೋ ಎದೆಯ ಗಂಟಿನಿಂದ ಪರೀಕ್ಷೆಗೆಂದು ಕತ್ತರಿಸಿದ ತುಂಡು. ಮೆತ್ತಗಿದ್ದಾಗ ಒತ್ತಿದ್ದಕ್ಕೆ ಒಳಗೆ ಹೋಯಿತು. ಕೊಳೆಯದಂತೆ ಕಾಪಾಡುವ ಫಾರ್ಮಲಿನ್ ದ್ರವ ತಾಗಿ ಗಟ್ಟಿಯಾದ ಮೇಲೆ ಜಪ್ಪಯ್ಯ ಅಂದರೂ ಹೊರಗೆ ಬರುವುದಿಲ್ಲ. ಪೆಥಾಲಜಿಯ ವೈದ್ಯೆ ಬಾಟಲಿಗೆ ಬಟ್ಟೆ ಸುತ್ತಿ ಸುತ್ತಿಗೆಯಿಂದ ಒಂದೇಟು ಕೊಟ್ಟಳು. ಇಂಥ ಬಾಟಲಿಗಳು ಅವಳಿಗೆ ಹೊಸವಲ್ಲ. ಆದರೆ ಇದರ ಚೀಟಿಯ ಮೇಲಿದ್ದದ್ದು ಅವಳ ಅಕ್ಕನ ಹೆಸರು.

ತುಂಡು ಹೊರಗೆ ನಜ್ಜುಗುಜ್ಜಾಗಿತ್ತು, ಒಳಗೆ ಕೊಳೆತಿತ್ತು. ತಳದಲ್ಲಿ ನಾಲ್ಕು ಹನಿ ಫಾರ್ಮಲಿನ್ ಬಿಟ್ಟರೆ ಬೇರೇನಿಲ್ಲ; ಉಪ್ಪುನೀರಿನಲ್ಲಿ ಮುಳುಗದ ಉಪ್ಪಿನಕಾಯಿಯಂತೆ ಅಕ್ಕನ ಊರಿನಿಂದ ಬರುವಾಗ ಬಸ್ಸಿನ ಸೆಕೆಯಲ್ಲಿ ಕೆಟ್ಟುಹೋಗಿತ್ತು. ಆದರೂ ಸ್ಲೈಡು ಮಾಡಿ ನೋಡಿದಳು. ಮೈಕ್ರೋಸ್ಕೋಪೇನೋ ಹೊಚ್ಚಹೊಸದು, ರಿಬ್ಬನ್ ಕತ್ತರಿಸಲು ಮಂತ್ರಿಗಳೇ ಬಂದಿದ್ದರು. ಅದರಲ್ಲಿ ಕಂಡದ್ದು ಮಾತ್ರ ಕಲಸಿಹೋದ ನೇರಳೆ ಬಣ್ಣ. ಕ್ಯಾನ್ಸರೋ ಅಲ್ಲವೋ ದೇವರೇ ಬಂದರೂ ಹೇಳಲಾರ. ಅಂದರೆ ಅಕ್ಕನ ಎದೆಗೆ ಮತ್ತೊಮ್ಮೆ ಕತ್ತರಿ ಬೀಳಬೇಕು.

ಮರುದಿನ ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡು ಅಕ್ಕನ ಊರಿನ ಬಸ್ಸು ಹತ್ತಿದಳು. ಅಲ್ಲಿನ ಆಸ್ಪತ್ರೆಯ ಆಪರೇಷನ್ ಕೋಣೆಯ ನರ್ಸಿನ ನೀರಿಳಿಸಲು ದಾರಿಯುದ್ದಕ್ಕೂ ಮಾತು ಜೋಡಿಸಿದಳು. ಆ ಕೋಣೆಯ ಗೋಡೆಯ ಮೇಲೆ, ಗಾಜಿನ ಕಟ್ಟು ಹಾಕಿಸಿದ ಪ್ರಮಾಣಪತ್ರವೊಂದಿತ್ತು: ಕ್ಯಾನ್ಸರ್ ಪತ್ತೆಯ ತರಬೇತಿ. ಕೆಳಗೆ ತರಬೇತಿ ಕೊಟ್ಟ ಇವಳದೇ ಸಹಿ.

ತರಬೇತಿಗೆ ಬಂದೂ ಹೀಗೆ ಮಾಡುವುದೇ ಎಂದು ಕೇಳಿದಳು. ನರ್ಸಿನ ಮುಖ ಸಣ್ಣದಾಯಿತು.

"ಬಂದಿದ್ದೆ ಮೇಡಂ. ಇಡೀ ದಿನ ಪರದೆ ಮೇಲೆ ಜೀವಕೋಶ ತೋರಿಸಿದ್ರಿ, ತುಂಬಾ ಚೆನ್ನಾಗಿತ್ತು. ಬಾಟಲಿ ಬಗ್ಗೆ ಏನೂ ಹೇಳ್ಲಿಲ್ಲ."

ನಿಜವೇ. ತನಗೆ ಇಷ್ಟವಾದದ್ದನ್ನು ಬಡಿಸಿದ್ದಳೇ ಹೊರತು ಅವರಿಗೆ ಬೇಕಾದದ್ದನ್ನಲ್ಲ. ಅಡಿಪಾಯ ಬಿಟ್ಟು ಮಹಡಿ ಕಟ್ಟಿದ್ದಳು. ನಾಚಿಕೆಯಾಯಿತು. ನರ್ಸಿನ ತಲೆಗೆ ಕಟ್ಟಲು ತಂದ ತಪ್ಪನ್ನು ತಾನೇ ಹೊತ್ತುಕೊಂಡು ಅಕ್ಕನ ಮನೆಗೆ ನಡೆದಳು.

ಅಕ್ಕ ಹೊಲಿಗೆ ಯಂತ್ರ ನಿಲ್ಲಿಸಿ ಎಲ್ಲವನ್ನೂ ಕೇಳಿಸಿಕೊಂಡಳು. ಇನ್ನೊಮ್ಮೆ ಕತ್ತರಿಸಬೇಕು ಎಂದಾಗ ಅವಳ ಕೈ ತಾನಾಗಿಯೇ ಎದೆಯ ಪಟ್ಟಿಯ ಮೇಲೆ ಹೋಯಿತು.

"ಚಿಕ್ಕಂದಿನಿಂದ ನಿಂದು ಇದೇ ಆಯ್ತು. ನಿನಗೆ ಗೊತ್ತಿರೋದು ಊರಿಗೆಲ್ಲ ಗೊತ್ತು ಅಂದ್ಕೊಳ್ತೀಯ," ಎಂದಳು. "ಕತ್ತರಿಸಲಿ. ಮೊದಲು ಹೋಗಿ ಅವರಿಗೆ ಹೇಳಿಕೊಡು."

ಆ ಮಧ್ಯಾಹ್ನ ಆಸ್ಪತ್ರೆಯಲ್ಲಿ ನರ್ಸುಗಳನ್ನೆಲ್ಲ ಸೇರಿಸಿದಳು; ಪರದೆಯಿಲ್ಲ, ಚಿತ್ರವಿಲ್ಲ. ಅಕ್ಕನ ಅಡುಗೆಮನೆಯಿಂದ ತಂದ ಹಿಟ್ಟಿನ ಉಂಡೆ, ಒಂದು ಸಣ್ಣ ಬಾಯಿಯ ಬಾಟಲಿ, ಒಂದು ಅಗಲ ಬಾಯಿಯ ಡಬ್ಬಿ, ಅಷ್ಟೇ. ಉಂಡೆಯನ್ನು ಬಾಟಲಿಗೆ ತುರುಕಿ ಅದೇ ಆಕಾರದಲ್ಲಿ ಹೊರಗೆ ತೆಗೆಯಿರಿ ಎಂದಳು. ಎಲ್ಲರೂ ಸೋತರು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಸರ್ಜನ್ ಸಾಹೇಬರೂ ತೋಳು ಮಡಿಸಿ ಬಂದು, ಕೈಯೆಲ್ಲ ಹಿಟ್ಟು ಮಾಡಿಕೊಂಡು, ಎಲ್ಲರ ಜೊತೆ ನಕ್ಕರು. ಆಮೇಲೆ ಡಬ್ಬಿಯಲ್ಲಿ ತುಂಡು ಹೇಗೆ ಮುಳುಗಿರಬೇಕು, ಫಾರ್ಮಲಿನ್ ಎಷ್ಟಿರಬೇಕು ಎಂದು ಒಬ್ಬೊಬ್ಬರ ಕೈಯಲ್ಲೂ ಮಾಡಿಸಿದಳು.

ಮುಂದಿನ ವಾರ ಎರಡನೆಯ ತುಂಡು ಬಂತು. ಅಗಲ ಬಾಯಿಯ ಡಬ್ಬಿ, ತುಂಬ ಫಾರ್ಮಲಿನ್, ಮುಚ್ಚಳದ ಮೇಲೆ ನರ್ಸಿನ ದುಂಡು ಅಕ್ಷರ. ಸ್ಲೈಡಿನಲ್ಲಿ ಒಂದೊಂದು ಜೀವಕೋಶವೂ ಬಿಡಿಬಿಡಿಯಾಗಿ ಕಾಣುತ್ತಿತ್ತು. ಆ ಆಸ್ಪತ್ರೆಯಿಂದ ಇಷ್ಟು ಒಳ್ಳೆಯ ಸ್ಲೈಡು ಎಂದೂ ಬಂದಿರಲಿಲ್ಲ. ಅನುಮಾನಕ್ಕೆ ಎಡೆಯೇ ಇರಲಿಲ್ಲ. ಅವಳು ಕುರ್ಚಿಯಲ್ಲೇ ಕೂತು ಅತ್ತಳು. ಕಣ್ಣೊರೆಸಿಕೊಂಡು ಫೋನು ಮಾಡಿದಳು.

"ಅಕ್ಕಾ, ಕ್ಯಾನ್ಸರ್."

ಆ ಕಡೆ ಹೊಲಿಗೆ ಯಂತ್ರದ ಸದ್ದು ನಿಂತಿತು.

"ಈ ಸಲ ಬಾಟಲಿ ಸರಿ ಇತ್ತಾ?"

"ಸರಿ ಇತ್ತಕ್ಕ."

ಅಕ್ಕ ಒಂದು ಉಸಿರು ಬಿಟ್ಟಳು. "ಹಾಗಾದ್ರೆ ನಂಬ್ತೀನಿ. ಚಿಕಿತ್ಸೆಗೆ ಯಾವಾಗ ಬರಲಿ, ಹೇಳು."