ನೆಲಮಾಳಿಗೆಯ ಮುಂದಿನ ಟಿಕ್ಕು

ಒಂದು ಗುರುವಾರ ಬೆಳಿಗ್ಗೆ ಶಿವಮೊಗ್ಗದ ರವೀಂದ್ರನಗರದ ವೃದ್ಧಾಶ್ರಮದಲ್ಲಿ ಮೂರ್ತಪ್ಪನವರು ಕೇರಂ ಆಡುತ್ತಲೇ ಕುಸಿದು ಬಿದ್ದರು. 1999ರ ಮಾತು. ಮದುವೆಯಾಗದೆ, ಭದ್ರಾವತಿಯ ಕುಲುಮೆಗಳ ಮುಂದೆ ದುಡಿದು ರಿಟೈರಾದ ಮನುಷ್ಯ. ಆಟಕ್ಕೆ ಜೊತೆ ಸಿಗುತ್ತದೆಂದು ತಾವಾಗಿಯೇ ಆಶ್ರಮಕ್ಕೆ ಬಂದು ಸೇರಿದ್ದರು.

ಊರಿನ ಒಂದು ಖಾಸಗಿ ಟ್ರಸ್ಟಿನ ಆಂಬುಲೆನ್ಸ್ ಐದೇ ನಿಮಿಷದಲ್ಲಿ ಅಲ್ಲಿತ್ತು. ಅಟೆಂಡರ್ ಯುವರಾಜ್ ವಾಕಿಟಾಕಿಯಲ್ಲಿ "ಒಳಗೆ ಹೋಗ್ತಿದೀನಿ ಮಲ್ಲೇಶಣ್ಣ" ಅಂದ. ಟ್ರಸ್ಟಿನ ವೈರ್‌ಲೆಸ್ ಮೆಕ್ಯಾನಿಕ್ ಮಲ್ಲೇಶ್ ಅಂದು ಕಂಟ್ರೋಲ್ ರೂಮಿನಲ್ಲಿದ್ದ. ಆಮೇಲೆ ಮಾತೇ ಇಲ್ಲ. ಮಲ್ಲೇಶ್ ಕರೆದೇ ಕರೆದ. ಬರೀ ಬುಸ್ಸೆನ್ನುವ ಸದ್ದು. ಗೇಟಿನಲ್ಲಿದ್ದ ಡ್ರೈವರ್ ಪುಟ್ಟಣ್ಣನಿಗೂ ಏನೂ ಕೇಳಿಸಲಿಲ್ಲ. ಏಳು ನಿಮಿಷದ ಮೇಲೆ, ಮೆಟ್ಟಿಲು ಹತ್ತಿ ಓಡಿಬಂದ ಯುವರಾಜನ ದನಿ ಏದುಸಿರಿನಲ್ಲಿ ಬಂತು.

"ಎಷ್ಟು ಸಲ ಕರೆದೆ, ಯಾರೂ ಮಾತಾಡಲ್ವಲ್ಲ! ಪುಟ್ಟಣ್ಣ, ಆಕ್ಸಿಜನ್ ತಗೊಂಡು ನೆಲಮಾಳಿಗೆಗೆ ಬಾ!"

ನೆಲಮಾಳಿಗೆ ಅಂದದ್ದೇ ಮಲ್ಲೇಶನಿಗೆ ತಾನು ಹಾಕಿದ್ದ ಟಿಕ್ಕು ನೆನಪಾಯಿತು.

ಎರಡು ತಿಂಗಳ ಹಿಂದೆ ಆ ಕಟ್ಟಡದಲ್ಲಿ ವೈರ್‌ಲೆಸ್ ಪರೀಕ್ಷೆ ಮಾಡಿದವನು ಅವನೇ. ಪ್ರತಿ ಮಹಡಿಯಲ್ಲೂ ನಿಂತು ಮಾತಾಡಿ, ಕೇಳಿಸಿದರೆ ಫಾರಮ್ಮಿನಲ್ಲಿ ಟಿಕ್ಕು ಹಾಕಬೇಕು. ಕೇರಂ ಆಡುವ ನೆಲಮಾಳಿಗೆಗೆ ಅಂದು ಬೀಗ ಹಾಕಿತ್ತು. ಕೀ ತರಲು ಹೋದ ಮ್ಯಾನೇಜರ್ ಎಷ್ಟು ಹೊತ್ತಾದರೂ ಬರಲಿಲ್ಲ. ಭದ್ರಾವತಿಯ ಓಲ್ಡ್ ಟೌನಿನಲ್ಲಿ ಅಂದು ಮಲ್ಲೇಶನ ಭಾವಮೈದುನನ ಮಗುವಿಗೆ ನಾಮಕರಣ; ಹೆಂಡತಿ ಪ್ರಿಯದರ್ಶಿನಿ ಆಗಲೇ ಎರಡು ಸಲ ಫೋನ್ ಮಾಡಿಸಿದ್ದಳು. ಮೇಲೆಲ್ಲ ಕೇಳಿಸಿದ್ದು ಕೆಳಗೆ ಕೇಳಿಸದೇ ಇರುತ್ತದೆಯೇ ಎಂದುಕೊಂಡು, ಟಿಕ್ಕು ಹಾಕಿ, ಸಹಿ ಮಾಡಿ ಬಸ್ಸು ಹತ್ತಿದ್ದ.

ಮೂರ್ತಪ್ಪನವರು ಆಸ್ಪತ್ರೆಯ ದಾರಿಯಲ್ಲೇ ತೀರಿಕೊಂಡರು.

ಮರುದಿನ ಟ್ರಸ್ಟಿನ ಕಾರ್ಯದರ್ಶಿ ವಿಜಯಕುಮಾರ್ ಮೂವರನ್ನೂ ಕರೆಸಿ, ಫಾರಮ್ಮನ್ನು ಮುಂದಿಟ್ಟರು. "ಎಲ್ಲಾ ಕಡೆ ಸರಿಯಾಗಿದೆ ಅಂತ ಬರೆದಿದೆ. ಅಂದ್ಮೇಲೆ ನೀನು ಬ್ಯಾಟರಿ ಸರಿಯಾಗಿ ಚಾರ್ಜ್ ಮಾಡಿಲ್ಲ, ಅದಕ್ಕೇ ಮಧ್ಯೆ ಕಟ್ಟಾಗಿದೆ, ಯುವರಾಜ್."

"ಫುಲ್ ಚಾರ್ಜ್ ಇತ್ತು ಸಾರ್. ಮಲ್ಲೇಶಣ್ಣಂಗೇ ಗೊತ್ತು."

ಎಲ್ಲರೂ ಮಲ್ಲೇಶನತ್ತ ತಿರುಗಿದರು. ಹೇಳಿಬಿಡಲು ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ಅವನು ಮೇಜಿನ ಅಂಚನ್ನು ನೋಡುತ್ತ, "ನಾನು ಟೆಸ್ಟ್ ಮಾಡ್ದಾಗ ಸರಿ ಇತ್ತು" ಅಂದ.

ಯುವರಾಜನನ್ನು ಕೆಲಸದಿಂದ ತೆಗೆದರು. ಹೋಗುವಾಗ ಅವನು ಜಗಳವಾಡಲಿಲ್ಲ. ವಾಕಿಟಾಕಿಯನ್ನು ಒರೆಸಿ ಮಲ್ಲೇಶನ ಕೈಗೇ ಕೊಟ್ಟು ಹೋದ.

ಹತ್ತು ದಿನ ಮಲ್ಲೇಶನಿಗೆ ಊಟ ರುಚಿಸಲಿಲ್ಲ. ಪ್ರಿಯದರ್ಶಿನಿ ಕೇಳಿದರೆ ಅಸಿಡಿಟಿ ಅಂದ. ಹನ್ನೊಂದನೆಯ ದಿನ ಆಶ್ರಮಕ್ಕೆ ಹೋಗಿ ನೆಲಮಾಳಿಗೆಗೆ ಇಳಿದ. ಕಾಂಕ್ರೀಟಿನ ದಪ್ಪ ಗೋಡೆ, ಒಂದೂ ಕಿಟಕಿಯಿಲ್ಲ. ಬಟನ್ ಒತ್ತಿ "ಹಲೋ, ಹಲೋ" ಅಂದ. ಬುಸ್ಸೆಂದಿತು.

ಮೂಲೆಯಲ್ಲಿ ಹೂಬತ್ತಿ ಹೊಸೆಯುತ್ತಿದ್ದ ವೀರಮ್ಮ ಎಂಬ ಮುದುಕಿ ತಲೆಯೆತ್ತಿದಳು. "ಅವತ್ತು ಆ ಹುಡುಗನೂ ಹಿಂಗೇ ಕೂಗ್ತಿದ್ದ ಕಣಪ್ಪ. ಒಂದು ಕೈಲಿ ಮೂರ್ತಪ್ಪನ ಎದೆ ಒತ್ತೋದು, ಇನ್ನೊಂದು ಕೈಲಿ ಇದನ್ನ ಹಿಡ್ಕೊಂಡು ಕೂಗೋದು. ಬಿಟ್ಟು ಮೇಲಕ್ಕೆ ಓಡೋಕೆ ಅವನಿಗೆ ಎಷ್ಟೋ ಹೊತ್ತು ಮನಸ್ಸೇ ಬರಲಿಲ್ಲ. ಯಾರೋ ಕೇಳಿಸ್ಕೋತಾರೆ ಅಂತ ನಂಬಿದ್ದ."

ಮಲ್ಲೇಶ್ ಮೆಟ್ಟಿಲು ಹತ್ತಿ ನೇರ ವಿಜಯಕುಮಾರರ ಬಳಿ ಹೋಗಿ ಎಲ್ಲವನ್ನೂ ಬರೆದುಕೊಟ್ಟ. ಯುವರಾಜನಿಗೆ ಕೆಲಸ ವಾಪಸ್ಸು ಸಿಕ್ಕಿತು, ಮಲ್ಲೇಶನದು ಹೋಯಿತು. ಹೋಗುವ ಮುನ್ನ ಎರಡು ದಿನದ ಅವಕಾಶ ಕೇಳಿಕೊಂಡು, ಆಶ್ರಮದ ತಾರಸಿಯಲ್ಲಿ ಆಂಟೆನಾ ನಿಲ್ಲಿಸಿ, ಅದರಿಂದ ನೆಲಮಾಳಿಗೆಯವರೆಗೆ ತಾನೇ ಕೇಬಲ್ ಎಳೆದ.

ಅಷ್ಟಕ್ಕೆ ಮನಸ್ಸು ಹಗುರವಾಗಲಿಲ್ಲ. ಮೂರ್ತಪ್ಪನವರ ತಂಗಿ ಹೂವಮ್ಮ ಭದ್ರಾವತಿಯ ಜನ್ನಾಪುರದಲ್ಲಿದ್ದಾರೆಂದು ತಿಳಿದು ಅಲ್ಲಿಗೆ ಹೋದ. ಬಾಗಿಲಲ್ಲೇ ನಿಂತು ಎಲ್ಲವನ್ನೂ ಹೇಳಿದ.

ಹೂವಮ್ಮ, "ಬೇಗ ಆಕ್ಸಿಜನ್ ಸಿಕ್ಕಿದ್ರೆ ಉಳೀತಿದ್ನಾ?" ಎಂದರು.

"ಗೊತ್ತಿಲ್ಲಮ್ಮ. ಡಾಕ್ಟರೂ ಹೇಳಲ್ಲ."

"ಆ ಯುವರಾಜ ಹೋದ ವಾರ ಇಲ್ಲಿಗೆ ಬಂದಿದ್ದ. ಉಳಿಸೋಕೆ ಆಗ್ಲಿಲ್ಲ ಅಂತ ಕಾಲಿಗೆ ಬಿದ್ದ. ನಾನು ಬಾಯಿಗೆ ಬಂದಂಗೆ ಬೈದೆ. ನಮ್ಮಣ್ಣನ್ನ ಕೊಂದೋನು ಅಂದೆ." ಅವರು ಮಲ್ಲೇಶನತ್ತ ಬೆರಳು ತೋರಿದರು. "ನನ್ ಕೈಲೂ ತಪ್ಪು ಮಾಡಿಸಿಬಿಟ್ಯಲ್ಲೋ ಮಾರಾಯ."

ಈ ಮಾತನ್ನು ಮಲ್ಲೇಶ್ ನಿರೀಕ್ಷಿಸಿರಲಿಲ್ಲ. ಬೈಗುಳಕ್ಕೆ ತಯಾರಾಗಿ ಬಂದಿದ್ದ, ಬಾಗಿಲು ಮುಚ್ಚಿದರೂ ನಿಲ್ಲಲು ತಯಾರಿದ್ದ. ತನ್ನಿಂದ ಇನ್ನೊಬ್ಬರೂ ತಪ್ಪಿತಸ್ಥರಾದರೆಂಬುದು ಅವನಿಗೆ ಹೊಳೆದಿರಲೇ ಇಲ್ಲ.

"ಅವನ ಮನೆ ತೋರ್ಸು. ಈಗಲೇ ಬರ್ತೀನಿ" ಎಂದು ಹೂವಮ್ಮ ಚಪ್ಪಲಿ ಮೆಟ್ಟಿಕೊಂಡರು.

ಇಬ್ಬರೂ ಬಸ್ಸು ಹತ್ತಿ ಶಿವಮೊಗ್ಗಕ್ಕೆ ಬಂದರು. ಯುವರಾಜ್ ಬಾಗಿಲು ತೆರೆದವನು ಹೂವಮ್ಮನನ್ನು ನೋಡಿ ಒಂದು ಹೆಜ್ಜೆ ಹಿಂದೆ ಸರಿದ. ಆಕೆ ಅವನ ಎರಡೂ ಕೈ ಹಿಡಿದು, "ನಂದು ತಪ್ಪಾಯ್ತು ಮಗ" ಎಂದು ಅತ್ತರು. ಅವನು ಒಳಗೆ ಕರೆದೊಯ್ದು ಕೂರಿಸಿದ. ಮಲ್ಲೇಶನನ್ನು ಯಾರೂ ಕರೆಯಲಿಲ್ಲ. ಅವನೂ ಗೇಟು ದಾಟಲಿಲ್ಲ.

ಅರ್ಧ ಗಂಟೆಯ ಮೇಲೆ ಯುವರಾಜ್ ಹೊರಗೆ ಬಂದ.

"ಯುವರಾಜ, ನಾನು..."

"ಅಮ್ಮನ್ನ ನಾನೇ ಬಸ್ಸಿಗೆ ಬಿಡ್ತೀನಿ. ನೀವು ಹೋಗಿ." ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಸಲಿಗೆಯೂ ಇರಲಿಲ್ಲ. 'ಅಣ್ಣ' ಅನ್ನಲಿಲ್ಲ.

ಮಲ್ಲೇಶ್ ತಲೆಯಾಡಿಸಿ, ಬಿಸಿಲಿನಲ್ಲಿ ಮನೆಯ ಕಡೆ ನಡೆದ. ಪ್ರಿಯದರ್ಶಿನಿಗೆ ಇನ್ನೂ ಏನೂ ಹೇಳಿರಲಿಲ್ಲ.