ಏಳೆಂಟ್ಲ ಮತ್ತು ಅಮ್ಮನ ಹುಬ್ಬು

ಟ್ಯಾಬಿತಾಳಿಗೆ ಸೋಮವಾರ ಬಂದ ಲೆಕ್ಕ ಗುರುವಾರಕ್ಕೆ ಬರುತ್ತಿರಲಿಲ್ಲ. ದಡ್ಡಿ ಅನ್ನುವ ಹಾಗಿಲ್ಲ. ಯಾವ ಕರು ಯಾವ ಹಸುವಿನದು ಎಂದು ಬೇಲಿಯ ಆಚೆಯಿಂದಲೇ ಹೇಳುವ ಹುಡುಗಿ ಅವಳು. ಆದರೆ ಭಾಗಾಕಾರ ಕಲಿಯುವಷ್ಟರಲ್ಲಿ ಗುಣಾಕಾರ ಕೈಕೊಡುತ್ತಿತ್ತು, ಗುಣಾಕಾರಕ್ಕೆ ವಾಪಸು ಬಂದರೆ ಭಾಗಾಕಾರ ಮಾಯ. ಹತ್ತು ವರ್ಷದ ಮಗಳನ್ನು ಮನೆಯಲ್ಲೇ ಕೂರಿಸಿ ಓದಿಸುತ್ತಿದ್ದ ಲೋರ್ನಾಳಿಗೆ ತಲೆ ಚಚ್ಚಿಕೊಳ್ಳುವುದೊಂದು ಬಾಕಿಯಿತ್ತು.

ಪುಸ್ತಕಕ್ಕೇನೂ ಬರವಿರಲಿಲ್ಲ. ಅಮೆರಿಕದ ನೆಬ್ರಾಸ್ಕಾದ ಆ ಸೀಮೆಯಲ್ಲಿ ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಪಾಠ ಹೇಳುವ ತಾಯಂದಿರ ಮನೆಯಲ್ಲಿ ಬೆಳಗಿನ ತಿಂಡಿಯ ಸೀರಿಯಲ್ ಡಬ್ಬಿಗಿಂತ ಗಣಿತದ ಪುಸ್ತಕವೇ ಹೆಚ್ಚು. ಲೋರ್ನಾಳ ಕಪಾಟಿನಲ್ಲೂ ಬಣ್ಣಬಣ್ಣದ ಚಿತ್ರಗಳ ಪುಸ್ತಕಮಾಲೆ ಒಂದು, ಮೇಷ್ಟ್ರು ಟೀವಿಯೊಳಗೆ ನಿಂತು ಪಾಠ ಹೇಳುವುದು ಇನ್ನೊಂದು, ಮರದ ತುಂಡು ಜೋಡಿಸಿ ಕಲಿಸುವುದು ಮತ್ತೊಂದು ಬಿದ್ದಿದ್ದವು. ಎಲ್ಲವೂ ಒಂದೊಂದು ವಿಷಯವನ್ನು ತಿಂಗಳುಗಟ್ಟಲೆ ಅರೆದು ಮುಂದೆ ಹೋಗುವಂಥವು. ಮುಂದೆ ಹೋದ ಮೇಲೆ ಹಿಂದಿನದನ್ನು ಮಾತಾಡಿಸುವ ಪುಸ್ತಕ ಅವುಗಳಲ್ಲಿ ಒಂದೂ ಇರಲಿಲ್ಲ.

ಗಂಡ ಕ್ಲಿಂಟ್ ದನ ಸಾಗಿಸುವ ಲಾರಿ ಓಡಿಸುತ್ತಿದ್ದ. ಮನೆಗೆ ಬರುವುದು ಯಾವಾಗಲೋ, ಹೊರಡುವುದು ಯಾವಾಗಲೋ. ಫೋನಿನಲ್ಲಿ ಒಂದು ದಿನ ಮೆತ್ತಗೆ ಹೇಳಿದ: "ನೋಡು ಲೋರ್ನಾ, ಬೇಸಿಗೆ ಕಳೆದು ಆಗಸ್ಟಲ್ಲಿ ಶಾಲೆ ತೆರೆಯೋದ್ರೊಳಗೆ ಅವಳಿಗೆ ಮಗ್ಗಿ ಬರ್ಲಿಲ್ಲ ಅಂದ್ರೆ ಹಳದಿ ಬಸ್ಸು ಹತ್ತಿಸಿಬಿಡೋಣ. ನಿನ್ನ ತಪ್ಪು ಅಂತ ಹೇಳ್ತಿಲ್ಲ. ಶಾಲೇಲಿ ಅದಕ್ಕೇ ಅಂತ ಟೀಚರುಗಳಿರ್ತಾರೆ."

ಬೈದಿದ್ದರೆ ಜಗಳವಾದರೂ ಆಡಬಹುದಿತ್ತು. ಲೋರ್ನಾ ಹ್ಞೂಂ ಅಂದು ಫೋನಿಟ್ಟಳು. ಶಾಲೆಯ ಬಸ್ಸು ಬೆಳಕು ಹರಿಯುವ ಮೊದಲೇ ಜಲ್ಲಿ ರಸ್ತೆಯ ತಿರುವಿಗೆ ಬಂದು, ಸಂಜೆ ಮಕ್ಕಳನ್ನು ಇಳಿಸುತ್ತಿತ್ತು. ನಡುವೆ ಆ ಮನೆಯಲ್ಲಿ ಉಳಿಯುವುದು ಗಾಳಿ, ಫ್ರಿಜ್ಜಿನ ಗುಂಯ್‌ಗುಡುವಿಕೆ ಮತ್ತು ಅವಳು. ಪಕ್ಕದ ಮನೆಯ ದೀಪ ಕಾಣಬೇಕಾದರೂ ಜೋಳ ಕಟಾವಾಗಬೇಕು. ಮಗಳಿಗಾಗಿಯೇ ಮನೆಪಾಠ ಎಂದು ಊರಿಗೆಲ್ಲ ಹೇಳಿಕೊಂಡು ಬಂದಿದ್ದಳು. ತನಗೂ ಮಾತಿಗೊಂದು ಜೀವ ಬೇಕಿತ್ತು ಎಂಬುದನ್ನು ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ.

ಮೇ ತಿಂಗಳಲ್ಲಿ ಚರ್ಚಿನ ನೆಲಮಾಳಿಗೆಯಲ್ಲಿ ಹಳೆಯ ಪುಸ್ತಕಗಳ ಮಾರಾಟ ನಡೆಯಿತು. ಅಲ್ಲಿ ವರ್ನಾ ಎಂಬ ಹೆಂಗಸಿನ ಮೇಜಿನ ಮುಂದೆ ತಾಯಿ ಮಗಳು ನಿಂತರು. ವರ್ನಾಳ ಮಕ್ಕಳಲ್ಲಿ ಕೊನೆಯವನೂ ಓದು ಮುಗಿಸಿ ಹೊರಟುಹೋಗಿದ್ದ, ಅವಳು ಕಪಾಟಿಗೆ ಕಪಾಟನ್ನೇ ಖಾಲಿ ಮಾಡಿ ತಂದಿದ್ದಳು. ಬೆನ್ನಿನ ಮೇಲೆ ಒಂದು, ಎರಡು ಎಂದು ಅಂಕಿ ಹಾಕಿದ್ದ ಗಣಿತದ ಮಾಲೆಯಿಂದ ಲೋರ್ನಾ ಒಂದು ದಪ್ಪ ಪುಸ್ತಕ ತೆರೆದಳು. ಚಿತ್ರವಿಲ್ಲ, ಬಣ್ಣವಿಲ್ಲ. ಪ್ರತಿ ಪಾಠದಲ್ಲೂ ಹೊಸದು ಚಿಟಿಕೆಯಷ್ಟು, ಉಳಿದದ್ದೆಲ್ಲ ಹಿಂದಿನ ಲೆಕ್ಕಗಳು.

"ಇದು ನೋಡೋಕೆ ಸಪ್ಪೆ ಕಣಮ್ಮ, ಆದ್ರೆ ಹಳೇದನ್ನ ಮರೆಯೋಕೆ ಬಿಡಲ್ಲ," ಎಂದಳು ವರ್ನಾ. "ಎಷ್ಟನೇದು ಕೊಡ್ಲಿ?"

"ಐದನೇದು. ಇವಳು ಕಲಿತಿದ್ದನ್ನ ವಾರದೊಳಗೇ ಮರೀತಾಳೆ. ಇದ್ರಲ್ಲಿ ಯಾವ ಪುಸ್ತಕದಿಂದ ಶುರು ಮಾಡ್ಬೇಕು ಅಂತ ನೋಡೋ ಪರೀಕ್ಷೆ ಮೊದಲೇ ತರಿಸಿ ಮನೇಲೇ ಮಾಡಿಸಿದೀನಿ. ಎಲ್ಲಾ ಸರಿಯಾಗೇ ಬರೆದ್ಲು."

"ಪಾಠ ಮರೀತಾಳೆ ಅಂತೀಯ, ಪರೀಕ್ಷೆ ಮಾತ್ರ ಎಲ್ಲಾ ಸರಿ. ಆಗ ನೀನೆಲ್ಲಿ ಕೂತಿದ್ದೆ?"

"ಎದುರಿಗೆ. ಮತ್ತೆಲ್ಲಿ ಕೂತ್ಕೊಳ್ಲಿ?"

ವರ್ನಾ ನಕ್ಕಳು. "ಹಂಗಾದ್ರೆ ಪರೀಕ್ಷೆ ಪಾಸಾಗಿದ್ದು ನೀನು. ಬಾ ಮಗಳೇ ಇಲ್ಲಿ. ಏಳೆಂಟ್ಲ ಎಷ್ಟು?"

ಟ್ಯಾಬಿತಾ ಅಮ್ಮನ ಕಡೆ ತಿರುಗಿದಳು. "ಐವತ್ತ... ನಾಲ್ಕು?" ಲೋರ್ನಾಳ ಹುಬ್ಬು ಇಳಿಯಿತು. "ಅಲ್ಲ, ಐವತ್ತೈದು..." ಹುಬ್ಬು ಅಲುಗಲಿಲ್ಲ. "ಐವತ್ತಾರು." ಹುಬ್ಬು ಮೇಲೇರಿತು, ತುಟಿಯ ಕೊನೆಯಲ್ಲಿ ನಗುವೂ ಬಂತು.

"ನೋಡಿದ್ಯಾ," ಎಂದಳು ವರ್ನಾ. "ನಮ್ಮನೇಲೂ ಒಬ್ಬ ಹಿಂಗೇ ಇದ್ದ. ಇಲ್ಲೆಲ್ಲಾ ಪಾಸು ಮಾಡ್ಕೊಂಡು ಕಾಲೇಜಿಗೆ ಹೋಗಿ ಡುಮ್ಕಿ ಹೊಡೆದ. ನನ್ನ ಮುಖ ಅಲ್ಲಿರ್ಲಿಲ್ವಲ್ಲ, ಪಾಪ."

ಲೋರ್ನಾಳ ಮುಖ ಕೆಂಪಗಾಯಿತು. ತಾನು ಒಂದು ಉತ್ತರವನ್ನೂ ಹೇಳಿಕೊಟ್ಟಿರಲಿಲ್ಲ, ದೇವರಾಣೆಗೂ. ಆದರೂ ಇಷ್ಟು ವರ್ಷ ಅಡಿಗೆಮನೆಯ ಮೇಜಿನಲ್ಲಿ ಮಗಳು ಓದಿದ್ದು ತನ್ನ ಮುಖವನ್ನೇ ಎಂದು ಈಗ ಹೊಳೆಯಿತು.

ವರ್ನಾ ಹುಡುಗಿಯನ್ನು ಪಕ್ಕದ ಕೋಣೆಯಲ್ಲಿ ಒಬ್ಬಳನ್ನೇ ಕೂರಿಸಿ ಅದೇ ಪರೀಕ್ಷೆ ಕೊಟ್ಟಳು. ಲೋರ್ನಾಳ ಕೈಗೆ ಕಾಗದದ ಲೋಟದಲ್ಲಿ ಕಾಫಿ ಕೊಟ್ಟು ಹೊರಗೇ ತಡೆದಳು. ಟ್ಯಾಬಿತಾ ಹೊರಬಂದಾಗ ಕಣ್ಣು ತುಂಬಿತ್ತು. ಅವಳಿಗೆ ಹೊಂದುತ್ತಿದ್ದುದು ಮೂರನೆಯ ಪುಸ್ತಕ.

"ಐದನೇದೇ ತಗೊಂಡು ನಿಧಾನಕ್ಕೆ ಮಾಡಿಸಿದ್ರೆ ಆಗಲ್ವಾ?" ಎಂದಳು ಲೋರ್ನಾ. ಮೂರನೆಯದನ್ನು ಕ್ಲಿಂಟ್ ನೋಡಿದರೆ ಬಸ್ಸಿನ ಮಾತೇ ಖಾಯಂ ಎಂಬುದು ಅವಳ ಭಯ.

"ಆಗತ್ತೆ. ನೀನು ದಿನಾ ಎದುರಿಗೆ ಕೂತ್ಕೋ, ಅವಳು ದಿನಾ ಪಾಸಾಗ್ತಾಳೆ."

ಲೋರ್ನಾ ಐದನೆಯದನ್ನು ಎತ್ತಿಕೊಂಡು ಸ್ವಲ್ಪ ಹೊತ್ತು ಎದೆಗವಚಿಕೊಂಡೇ ನಿಂತಳು. ಆಮೇಲೆ ಅದನ್ನಿಟ್ಟು ಮೂರನೆಯದನ್ನು ತೆಗೆದುಕೊಂಡಳು.

"ಒಂದ್ಮಾತು," ಎಂದಳು ವರ್ನಾ ಚೀಲಕ್ಕೆ ಹಾಕಿಕೊಡುತ್ತ. "ಹೊಸ ಪಾಠ ಹೇಳಿಕೊಡು, ಎದ್ದು ಹೋಗು. ಮಾಡಿ ಮುಗಿಸಿದ ಮೇಲೇ ನೋಡು. ಅವಳಿಗಿಂತ ನಿಂಗೇ ಕಷ್ಟ ಆಗೋದು."

ಕಷ್ಟವೆಂದರೆ ಅಂತಿಂಥ ಕಷ್ಟವಲ್ಲ. ಲೋರ್ನಾ ಬಟ್ಟೆ ಒಗೆಯುವ ಮೆಷಿನ್ನಿನ ಸಣ್ಣ ಕೋಣೆಯಲ್ಲಿ ಬೋರಲಿಟ್ಟ ಬಕೆಟ್ಟಿನ ಮೇಲೆ ಕೂತಿರುತ್ತಿದ್ದಳು. "ಅಮ್ಮಾ, ಇದು ಸರೀನಾ?" ಎಂದು ಕೂಗು ಬರುತ್ತಿತ್ತು. ಬಾಯಿಗೆ ಬೀಗ ಹಾಕಿಕೊಂಡು ಸುಮ್ಮನಿರಬೇಕು. ಮೊದಮೊದಲು ಟ್ಯಾಬಿತಾ ಅತ್ತಳು, ಪೆನ್ಸಿಲ್ ಎಸೆದಳು, "ನಿಂಗೆ ನಾನು ಬೇಡ" ಎಂದಳು. ಈ ಕಡೆ ತಾಯಿಯೂ ಟವೆಲ್ಲಿಗೆ ಮುಖ ಒತ್ತಿಕೊಂಡು ಅತ್ತಳು. ಪುಸ್ತಕ ಮಾತ್ರ ಹಟ ಬಿಡಲಿಲ್ಲ. ನಿನ್ನೆಯದನ್ನು ಇಂದು ಕೇಳಿತು, ಹೋದ ವಾರದ್ದನ್ನು ನಾಳೆ ಕೇಳಿತು. ಬರಬರುತ್ತ ಕೂಗು ಕಡಿಮೆಯಾಯಿತು.

ಜೋಳ ಆಳುದ್ದ ಬೆಳೆದು ನಿಂತಾಗ ಕ್ಲಿಂಟ್ ಮನೆಗೆ ಬಂದ. ಊಟದ ಮೇಜಿನಲ್ಲಿ ಆಲೂಗಡ್ಡೆ ಬಡಿಸಿಕೊಳ್ಳುತ್ತ ಪುಸ್ತಕದ ಬೆನ್ನಿನ ಮೇಲಿನ ಅಂಕಿ ನೋಡಿದ. "ಮೂರನೇದಾ?" ಎಂದ. "ಸರಿ ಪುಟ್ಟಿ, ಏಳೆಂಟ್ಲ ಎಷ್ಟು ಹೇಳು."

ಟ್ಯಾಬಿತಾ ಅಭ್ಯಾಸಬಲದಿಂದ ಅಮ್ಮನ ಕಡೆ ನೋಡಿದಳು. ಲೋರ್ನಾ ಎದ್ದು ಸಿಂಕಿನ ಹತ್ತಿರ ಹೋಗಿ ಬೆನ್ನು ತಿರುಗಿಸಿ ನಿಂತು, ನಲ್ಲಿಯನ್ನು ಬಿಗಿಯಾಗಿ ಹಿಡಿದುಕೊಂಡಳು.

"ನೇರವಾಗಿ ಬರಲ್ಲ ಅಪ್ಪ," ಎಂದಳು ಟ್ಯಾಬಿತಾ. "ಏಳೇಳ್ಲ ನಲವತ್ತೊಂಬತ್ತು ಗೊತ್ತು. ಅದಕ್ಕಿನ್ನೊಂದು ಏಳು. ತಾಳು... ಐವತ್ತಾರು. ಹೌದು, ಐವತ್ತಾರೇ."

ಕ್ಲಿಂಟ್ ಬೆಣ್ಣೆಯನ್ನು ಹತ್ತಿರಕ್ಕೆಳೆದುಕೊಂಡ. "ಬಸ್ಸು ಬೇಡ ಬಿಡು. ಮನೇಲೇ ಇರ್ಲಿ," ಎಂದ. ಲೋರ್ನಾ ನಲ್ಲಿಯನ್ನು ಬಿಟ್ಟು ಈ ಕಡೆ ತಿರುಗಿದಳು.

ಮರುದಿನ ಲಾರಿ ಹೋದ ಮೇಲೆ ಮೇಜಿನ ಮುಂದೆ ಟ್ಯಾಬಿತಾ ಪುಸ್ತಕ ತೆರೆದಳು. ಲೋರ್ನಾ ಇಂದೊಂದು ದಿನ ಎಂದುಕೊಂಡು ತನ್ನ ಹಳೆಯ ಕುರ್ಚಿಯನ್ನು ಎದುರಿಗೆ ಎಳೆದಳು. ಬರೀ ನೋಡುತ್ತ ಕೂರೋಣ ಎಂದಷ್ಟೇ ಆಸೆ.

"ನೀನು ಆ ಕಡೆ ಹೋಗಮ್ಮ," ಎಂದಳು ಟ್ಯಾಬಿತಾ ತಲೆಯೆತ್ತದೆ. "ನೀನಿದ್ರೆ ನಂಗೆ ಲೆಕ್ಕ ಬರಲ್ಲ. ಬಾಗಿಲು ಹಾಕ್ಕೊಂಡು ಹೋಗು."

ಮಾತಿನಲ್ಲಿ ಮುನಿಸೇನೂ ಇರಲಿಲ್ಲ. ಲೋರ್ನಾ ಬಾಗಿಲು ಹಾಕಿಕೊಂಡು ಬಂದು ಬಕೆಟ್ಟಿನ ಮೇಲೆ ಕೂತಳು. ಬಸ್ಸು ಬರಲಿಲ್ಲ, ಮಗಳು ಒಳಗೇ ಇದ್ದಾಳೆ, ಗೆದ್ದದ್ದು ತಾನೇ. ಆದರೂ ಮನೆ ಬಿಕೋ ಅನ್ನುತ್ತಿತ್ತು. ಒಳಗಿನಿಂದ ಟ್ಯಾಬಿತಾ ತನ್ನಷ್ಟಕ್ಕೆ ಗೊಣಗುವುದು ಕೇಳಿಸಿತು: "ಆರೆಂಟ್ಲ ನಲವತ್ತಾರು... ಅಲ್ಲ, ನಲವತ್ತೆಂಟು."

ಲೋರ್ನಾಳ ಹುಬ್ಬು ತಾನಾಗಿಯೇ ಮೇಲೇರಿತು. ನೋಡುವವರು ಅಲ್ಲಿ ಯಾರೂ ಇರಲಿಲ್ಲ.