ಒಳಕ್ಕೆ ತೆರೆಯುವ ಬಾಗಿಲು

ಬಚ್ಚಲುಮನೆಯ ಬಾಗಿಲು ಒಳಕ್ಕೆ ತೆರೆಯಬೇಕೋ, ಹೊರಕ್ಕೆ ತೆರೆಯಬೇಕೋ? ಮನೆ ಕಟ್ಟಿಸುವಾಗ ಯಾರೂ ಇದನ್ನು ಕೇಳುವುದಿಲ್ಲ. ಟೈಲ್ಸ್ ಬಣ್ಣಕ್ಕೆ ಗಂಡ ಹೆಂಡತಿ ಮಾತು ಬಿಡುತ್ತಾರೆ, ಅಡುಗೆಕಟ್ಟೆಯ ಎತ್ತರಕ್ಕೆ ಅತ್ತೆ ಸೊಸೆ ಮುನಿಸಿಕೊಳ್ಳುತ್ತಾರೆ. ಬಾಗಿಲಿನ ಗೊಡವೆ ಮಾತ್ರ ಯಾರಿಗೂ ಬೇಡ. ನಮಗೂ ಬೇಡವಾಗಿತ್ತು. ಮನೆಯಲ್ಲೇ ಆರ್ಕಿಟೆಕ್ಟ್ ಇರುವಾಗ ನಮಗೇಕೆ ಆ ಚಿಂತೆ, ಹೇಳಿ.

ಆರ್ಕಿಟೆಕ್ಟ್ ಅಂದರೆ ನನ್ನ ತಮ್ಮ. ಅವನ ಕೈ ಚೆನ್ನಾಗಿದೆ, ಬಾಯಿ ಅದಕ್ಕಿಂತ ಚೆನ್ನಾಗಿದೆ. ನನ್ನ ಯಜಮಾನರು ಗಡಿಯಾರ ರಿಪೇರಿ ಮಾಡುತ್ತಿದ್ದರು. ಕೆಳಗೆ ಅಂಗಡಿ, ಮೇಲೆ ಮನೆ. ಮಂಡಿನೋವು ಜಾಸ್ತಿಯಾಗಿ ಮೆಟ್ಟಿಲು ಹತ್ತುವುದು ಕಷ್ಟವಾದಾಗ, ಅಂಗಡಿಯ ಹಿಂದೆಯೇ ಅವರಿಗೊಂದು ಕೋಣೆ, ಪಕ್ಕಕ್ಕೆ ಚಿಕ್ಕದೊಂದು ಬಚ್ಚಲುಮನೆ ಮಾಡಿಸೋಣ ಎಂದು ತೀರ್ಮಾನಿಸಿದೆವು. ನಕ್ಷೆ ತಮ್ಮನದೇ.

ನಕ್ಷೆ ನೋಡಲು ನಾವಿಬ್ಬರೂ ಅವನ ಆಫೀಸಿಗೆ ಹೋದೆವು. ಆಫೀಸೆಂದರೆ ಅವನ ಮನೆಯ ಮುಂದಿನ ಕೋಣೆ. ಒಂದು ಮೂಲೆಯ ಕಂಪ್ಯೂಟರಿನಲ್ಲಿ ಯಾರೋ ಮೇಷ್ಟ್ರು ಕೈ ಆಡಿಸುತ್ತಾ ಏನೋ ಹೇಳುತ್ತಿದ್ದರು. ಸದ್ದಿಲ್ಲ. ಅದರ ಮುಂದೆ ತಮ್ಮನ ಹೆಂಡತಿ ಬಟಾಣಿ ಸುಲಿಯುತ್ತಾ ಕೂತಿದ್ದಳು. ಆಗಾಗ ಪರದೆಯ ಮೇಲೆ "ನೀವು ಇದ್ದೀರಾ?" ಎಂದು ಬರುವುದು, ಅವಳು ಕೈ ಒರೆಸಿಕೊಂಡು "ಇದ್ದೇನೆ" ಎಂದು ಒತ್ತುವುದು.

"ಏನೇ ಇದು?" ಎಂದು ಕೇಳಿದೆ.

"ನಿಮ್ಮ ತಮ್ಮಂದು ಪಾಠ ಅಕ್ಕಾ. ಆನ್‌ಲೈನ್ ಪಾಠ. ವರ್ಷಾ ವರ್ಷಾ ಇಷ್ಟು ಅಂತ ಕಲೀಲೇಬೇಕಂತೆ, ಇಲ್ದಿದ್ರೆ ಲೈಸೆನ್ಸ್ ಇಲ್ವಂತೆ."

"ಮತ್ತೆ ಅವನು ಕಲೀತಿದಾನಾ, ನೀನು ಕಲೀತಿದೀಯಾ?"

"ನಾನು ಬಟಾಣಿ ಸುಲೀತಿದೀನಿ," ಎಂದಳು. ಎಲ್ಲರೂ ನಕ್ಕೆವು. ನನ್ನ ಯಜಮಾನರಂತೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ತಮ್ಮನ ಕೈಕೆಳಗೆ ಒಬ್ಬಳು ಹುಡುಗಿ ಕೆಲಸ ಮಾಡುತ್ತಾಳೆ. ಅವಳೂ ಆರ್ಕಿಟೆಕ್ಟೇ. ದಪ್ಪ ಗಾಜಿನ ಕನ್ನಡಕ ಹಾಕುತ್ತಾಳೆಂದು ಅವಳಿಗೆ ಅಲ್ಲಿ ಎಲ್ಲರೂ "ದುರ್ಬೀನು" ಅನ್ನುತ್ತಾರೆ. ಅವಳು ನಮ್ಮ ನಕ್ಷೆಯನ್ನು ನೋಡಿ ಮೆಲ್ಲಗೆ ಹೇಳಿದಳು:

"ಸರ್, ವಯಸ್ಸಾದವರ ಬಾತ್‌ರೂಮು. ಬಾಗಿಲು ಹೊರಗಡೆಗೆ ತೆಗೆಯೋ ಹಾಗೆ ಮಾಡಿದ್ರೆ ಒಳ್ಳೇದಲ್ವಾ? ಮೊನ್ನೆ ಪಾಠದಲ್ಲಿ ಬಂತಲ್ಲ."

"ಹೊರಗೆ ಬಂದ್ರೆ ಓಡಾಡೋ ದಾರಿಗೆ ಅಡ್ಡ ಆಗತ್ತಮ್ಮಾ. ನೋಡೋಕೂ ಚೆನ್ನಾಗಿರಲ್ಲ. ಎಷ್ಟು ಮನೆ ಕಟ್ಟಿದೀನಿ, ಎಲ್ಲಾ ಒಳಕ್ಕೇ ತೆಗೆಯತ್ತೆ. ನಂಗೆ ಈಗ ಕಂಪ್ಯೂಟರ್ ಬಂದು ಬಾಗಿಲು ಇಡೋದು ಹೇಳ್ಕೊಡತ್ತಾ?"

"ನಾನೂ ಮೊದಲು ಹಾಗೇ ಅಂದ್ಕೊಂಡಿದ್ದೆ ಸರ್. ಕೂತು ನೋಡಿದ್ಮೇಲೆ ಗೊತ್ತಾಯ್ತು. ಕಾಲೇಜಲ್ಲಿ ನಮಗೆ ಹೇಳದೇ ಇದ್ದದ್ದು ಎಷ್ಟೋ ಇದೆ. ಅರ್ಥ ಆಗದಿದ್ರೆ ಹಿಂದಕ್ಕೆ ಹಾಕಿ ನೋಡ್ಬಹುದು, ಮೇಷ್ಟ್ರಿಗೆ ಪ್ರಶ್ನೆ ಬರೆದು ಕಳಿಸಿದ್ರೆ ಉತ್ತರಾನೂ ಕೊಡ್ತಾರೆ."

"ನೀನು ಕಲಿ ತಾಯಿ, ನಿಂಗೆ ವಯಸ್ಸಿದೆ," ಎಂದು ತಮ್ಮ ಕೈ ಮುಗಿದ. ಮತ್ತೆ ನಗು. ಹುಡುಗಿ ತನ್ನ ಮೇಜಿಗೆ ವಾಪಸು ಹೋದಳು. ಬಾಗಿಲು ಒಳಕ್ಕೇ ತೆರೆಯುವಂತೆ ಕೂತಿತು.

ಯಜಮಾನರು ಕೆಳಗಿನ ಕೋಣೆಗೆ ಬಂದು ಕೆಲವು ತಿಂಗಳಾಗಿತ್ತು. ಅವತ್ತು ಬೆಳಿಗ್ಗೆ ನಾನು ಅಂಗಡಿಯ ಮುಂದೆ ಗುಡಿಸುತ್ತಿದ್ದೆ. ಒಳಗೆ ದಡಾರನೆ ಸದ್ದಾಯಿತು. ಓಡಿದೆ. ಬಚ್ಚಲುಮನೆಯ ಬಾಗಿಲಿಗೆ ಚಿಲಕ ಕೂಡ ಹಾಕಿರಲಿಲ್ಲ, ಅವರು ಯಾವತ್ತೂ ಹಾಕುತ್ತಿರಲಿಲ್ಲ. ತಳ್ಳಿದೆ. ಬೆರಳು ತೂರುವಷ್ಟು ಸಂದಿ ಬಿಟ್ಟುಕೊಂಡು ಬಾಗಿಲು ನಿಂತಿತು. ಅವರು ಬಾಗಿಲಿಗೇ ಒರಗಿಕೊಂಡಂತೆ ಬಿದ್ದಿದ್ದರು.

"ತಳ್ಬೇಡ ಕಣೇ, ನೋಯತ್ತೆ," ಎಂದರು. ಮಾತು ಸ್ಪಷ್ಟವಾಗೇ ಇತ್ತು. "ಕಾಲು ಸ್ವಾಧೀನಕ್ಕೆ ಬರ್ತಿಲ್ಲ. ನೀನು ಗಾಬರಿ ಆಗ್ಬೇಡ."

ಗಾಬರಿಯಾಗದೆ ಇರುವುದು ಹೇಗೆ? ತಳ್ಳಿದರೆ ಅವರಿಗೆ ಪೆಟ್ಟು, ಬಿಟ್ಟರೆ ಬಾಗಿಲು ಮುಚ್ಚಿಕೊಳ್ಳುತ್ತದೆ. ಬೀದಿಗೆ ಓಡಿ ಕೂಗಿದೆ. ಅಕ್ಕಪಕ್ಕದವರು ಬಂದರು. ಒಬ್ಬ ಕಿಟಕಿ ನೋಡಿದ, ಅದು ಬೆಕ್ಕು ನುಸುಳುವಷ್ಟೂ ಇಲ್ಲ. ಇನ್ನೊಬ್ಬ ಕೀಲು ಬಿಚ್ಚೋಣ ಎಂದ, ಕೀಲಿನ ಸ್ಕ್ರೂಗಳೆಲ್ಲ ಒಳಗಡೆ. ಎದುರುಮನೆಯ ವೆಲ್ಡಿಂಗಿನವನು ಯಂತ್ರ ತಂದು ಬಾಗಿಲನ್ನು ಮೇಲಿನಿಂದ ಕೊಯ್ಯತೊಡಗಿದ. ಅಷ್ಟರಲ್ಲಿ ಅವರ ಮಾತು ತೊದಲತೊಡಗಿತ್ತು. ನನ್ನನ್ನು ಏನೋ ಕೇಳಿದರು, ಏನೆಂದು ತಿಳಿಯಲಿಲ್ಲ. ಏನು ಕೇಳಿದರೋ ಇವತ್ತಿಗೂ ನನಗೆ ಗೊತ್ತಿಲ್ಲ. ಆಮೇಲೆ ಮಾತೇ ಇಲ್ಲ. ಬಾಗಿಲು ಕೊಯ್ದು ಅವರನ್ನು ಹೊರಗೆ ತೆಗೆದು ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ತುಂಬಾ ಹೊತ್ತಾಗಿತ್ತು.

"ತಲೆಯಲ್ಲಿ ರಕ್ತ ಹೆಪ್ಪುಗಟ್ಟಿದೆ. ಇದ್ರಲ್ಲಿ ಒಂದೊಂದು ನಿಮಿಷಾನೂ ಮುಖ್ಯ. ಯಾಕಮ್ಮಾ ಇಷ್ಟು ತಡ ಮಾಡಿದ್ರಿ?" ಎಂದರು ಡಾಕ್ಟರು. ನಾನು ತಡ ಮಾಡಿದೆನೇ? ಬಾಗಿಲಿನ ಈಚೆ ನಿಂತು ನಾನು ತಡ ಮಾಡಿದೆನಂತೆ! ಅವರು ಆಸ್ಪತ್ರೆಯಿಂದ ವಾಪಸು ಬರಲಿಲ್ಲ.

ತಿಥಿಗೆ ಬಂದವರೆಲ್ಲ ಹೋದ ಮೇಲೆ ತಮ್ಮ ಮೂಲೆ ಹಿಡಿದು ಕೂತಿದ್ದ. ಜೊತೆಗೆ ಅವನ ಹೆಂಡತಿ, ದುರ್ಬೀನು ಹುಡುಗಿ.

"ಏನ್ಮಾಡೋದಕ್ಕಾ, ಎಲ್ಲಾ ಹಣೆಬರಹ," ಎಂದ.

ನನಗೆ ಮೈಯೆಲ್ಲ ಉರಿದುಹೋಯಿತು. "ಹಣೆಬರಹ ಅಲ್ಲ ಕಣೋ, ನಿನ್ನ ಬರಹ! ಆ ಬಾಗಿಲನ್ನ ಬರೆದೋನು ನೀನು. ಬ್ರಹ್ಮನ ಮೇಲೆ ಯಾಕೆ ಹಾಕ್ತೀಯ?"

"ಅಕ್ಕಾ, ನಂಗೆ ಗೊತ್ತಿರಲಿಲ್ಲ."

"ಗೊತ್ತಿರಲಿಲ್ವಾ? ಏ ಹುಡುಗಿ, ಅವತ್ತು ಏನೋ ಹೇಳೋಕೆ ಬಂದ್ಯಲ್ಲ. ತೋರ್ಸು ಅದನ್ನ. ಇವನ ಮುಂದೇ ತೋರ್ಸು."

ಹುಡುಗಿ ಹಿಂದೆಮುಂದೆ ನೋಡಿದಳು. ತಮ್ಮನೇ ತನ್ನ ಮೊಬೈಲು ತೆಗೆದು ಪಾಠದ ಪುಟ ತೆರೆದ. ಆ ಪಾಠದ ಪಕ್ಕದಲ್ಲಿ ಅವನ ಹೆಸರಿಗೆ ಹಸಿರು ಗುರುತು ಬಿದ್ದಿತ್ತು, ಪೂರ್ತಿಯಾಗಿದೆ ಎಂದು. ನೂರಕ್ಕೆ ನೂರು ಅಂಕ ಬೇರೆ! ಪ್ರಶ್ನೆಗಳಿಗೆ ಉತ್ತರ ಗೆಳೆಯರ ವಾಟ್ಸಾಪ್ ಗುಂಪಿನಲ್ಲೇ ಬಂದುಬಿಡುತ್ತದಂತೆ.

ಮೊದಲಿನಿಂದ ಹಾಕಿದ. ಈ ಸಲ ಸದ್ದು ಇತ್ತು. ಅನ್ನ ಬೇಯುವಷ್ಟು ಹೊತ್ತಿನ ಪಾಠವೂ ಅಲ್ಲ. ಮೇಷ್ಟ್ರು ಚಿತ್ರ ಬರೆದು ತೋರಿಸಿದರು: ಚಿಕ್ಕ ಬಚ್ಚಲುಮನೆ, ಒಳಗೆ ಬಿದ್ದ ಮನುಷ್ಯ, ಅವನ ಮೈಗೆ ತಾಗಿ ನಿಂತ ಬಾಗಿಲು. ವಯಸ್ಸಾದವರು, ಕಾಯಿಲೆಯವರು ಬಳಸುವ ಕಡೆ ಬಾಗಿಲು ಹೊರಕ್ಕೆ ತೆರೆಯಲಿ, ಇಲ್ಲವೇ ಪಕ್ಕಕ್ಕೆ ಸರಿಯಲಿ. ಜಾಗವೇ ಇಲ್ಲವೆಂದರೆ ಹೊರಗಿನಿಂದ ಬಿಚ್ಚಿ ತೆಗೆಯಲು ಬರುವಂಥ ಕೀಲಾದರೂ ಇರಲಿ. ಇಷ್ಟೇ ಪಾಠ. ನನ್ನಂಥ ಹೆಂಗಸಿಗೂ ಅರ್ಥವಾಯಿತು.

ತಮ್ಮನ ಹೆಂಡತಿ ಮುಖ ಮುಚ್ಚಿಕೊಂಡು ಅಳತೊಡಗಿದಳು. "ರೀ, ಒತ್ತಿದ್ದು ನಾನೇ ಅಲ್ವೇನ್ರೀ."

"ನಿನ್ನ ಕೂರಿಸಿದ್ದು ನಾನು," ಎಂದ ತಮ್ಮ. ಅವನೂ ಅಳುತ್ತಿದ್ದ. ನಾನು ಸಮಾಧಾನ ಮಾಡಲಿಲ್ಲ. ಮಾಡಬೇಕೆಂದು ಅನ್ನಿಸಲೂ ಇಲ್ಲ.

ಈಗ ಅವನು ಪಾಠದ ಹೊತ್ತಿಗೆ ಕೋಣೆಯ ಬಾಗಿಲು ಹಾಕಿಕೊಂಡು ಕೂರುತ್ತಾನೆ. ಹುಡುಗಿಯೂ ಅವನೂ ಪಾಠ ಮುಗಿದ ಮೇಲೆ ಕೈಯಲ್ಲಿರುವ ನಕ್ಷೆಗಳನ್ನೆಲ್ಲ ಹರಡಿಕೊಂಡು, ಎಲ್ಲಿ ತಪ್ಪಿದೆ ಎಂದು ಹುಡುಕುತ್ತಾರೆ. ಹಿಂದೆ ಕಟ್ಟಿಕೊಟ್ಟ ಮನೆಗಳಿಗೂ ಹೋಗಿ, "ಬಾಗಿಲು ತಿರುಗಿಸಿಕೊಡ್ತೀನಿ" ಎಂದು ಕೇಳುತ್ತಾನೆ. ಕೆಲವರು ತಲೆ ಕೆಟ್ಟಿದೆ ಎಂದು ನಗುತ್ತಾರಂತೆ. ನಗಲಿ, ನಾವೂ ನಕ್ಕವರೇ. ನನ್ನ ಮನೆಗೂ ಬಡಗಿಯನ್ನು ಕರೆತಂದು ಹೊಸ ಬಾಗಿಲು ಹಾಕಿಸಿದ. ಮಧ್ಯಾಹ್ನದ ಊಟದ ಹೊತ್ತಿಗೆ ಕೆಲಸ ಮುಗಿಯಿತು. ಅಷ್ಟು ಸಣ್ಣ ಕೆಲಸ ಅದು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ಬಾಗಿಲು ಈಗ ಸಲೀಸಾಗಿ ಹೊರಕ್ಕೆ ತೆರೆಯುತ್ತದೆ.

ಮನೆ ಕಟ್ಟಿಸುವವರೇ, ನಕ್ಷೆ ಬರೆಯುವವರನ್ನು ಒಂದು ಮಾತು ಕೇಳಿ: "ಈಚೆಗೆ ಏನು ಹೊಸದು ಕಲಿತಿರಿ?" ಕೇಳಲು ಸಂಕೋಚ ಬೇಡ. ಅವರು ತಡವರಿಸಿದರೆ ನೀವೂ ಸ್ವಲ್ಪ ಯೋಚನೆ ಮಾಡಿ.

ನಕ್ಷೆ ಬರೆಯುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಪಾಠ ನಿಮ್ಮ ಮನೆಗೇ ಬರುತ್ತದೆ. ಎದ್ದು ಎಲ್ಲಿಗೂ ಹೋಗಬೇಕಿಲ್ಲ. ಸದ್ದು ಹಾಕಿ, ಕೂತು, ಪೂರ್ತಿ ನೋಡಿ. ತಿಳಿಯದಿದ್ದರೆ ಇನ್ನೊಮ್ಮೆ ನೋಡಿ. ನಿಮಗೂ ಒಬ್ಬಳು ಅಕ್ಕ ಇರುತ್ತಾಳೆ, ಅವಳಿಗೊಬ್ಬ ಗಂಡ ಇರುತ್ತಾನೆ. ಅವನು ಬದುಕಿರುವಾಗಲೇ ನೋಡಿ.